ದೇವಿಯ ಪಾದದ ಮೇಲೆ ಕೆಂಪು ಹನಿ

ಬೀದರಿನ ಚಿದ್ರಿಯಲ್ಲಿ ದುರ್ಗೆಯ ಮೂರ್ತಿ ಮಾಡುವ ಹೆಂಗಸಿನ ಕೈಯಿಂದ ನಾನು ಕುಂಚ ಕಸಿದುಕೊಂಡೆ. ಭಾಲ್ಕಿಯ ನಮ್ಮ ಓಣಿಯ ನವರಾತ್ರಿಗೆಂದು ಹೇಳಿ ಮಾಡಿಸಿದ ಮೂರ್ತಿ ಅದು. ಮಹಿಷಾಸುರನ ಎದೆಗೆ ತ್ರಿಶೂಲ ಇಳಿಸುತ್ತಿದ್ದರೂ ದೇವಿಯ ಮುಖದಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ಹೊರಗೆ ಟೆಂಪೊ ಕಾಯುತ್ತಿತ್ತು. ಕಣ್ಣಿಗೆ ನಾನೇ ಕೆಂಪು ಬಳಿಯುತ್ತೇನೆಂದು ಕೂಗಾಡುತ್ತ ಕುಂಚವೆತ್ತಿದೆ. ಆಕೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಬಣ್ಣದ ಒಂದು ಹನಿ ದೇವಿಯ ಪಾದದ ಮೇಲೆ ಬಿತ್ತು.

“ನಿಮ್ಮ ಕೈ ನೋಡ್ರಿ ಅಣ್ಣಾ, ಸಿಟ್ಟಿಗಿ ಹ್ಯಾಂಗ ನಡಗ್ಲತ್ತದ. ಆಕಿ ಕೈ ಹಿಂಗ ನಡಗಿದ್ರ ತ್ರಿಶೂಲ ಗುರಿ ಮುಟ್ತದೇನ್ರಿ?”

ಕುಂಚ ಕೆಳಗಿಟ್ಟೆ.

ಒಂಬತ್ತು ದಿನವೂ ಓಣಿಯವರು ಆ ಹನಿಯನ್ನು ಮಹಿಷಾಸುರನ ರಕ್ತವೆಂದೇ ತಿಳಿದರು. ಅದು ನನ್ನ ಸಿಟ್ಟೆಂದು ನಾನು ಯಾರಿಗೂ ಹೇಳಲಿಲ್ಲ.