ವೀಳ್ಯದೆಲೆಯ ವೇಷದ ಮದರ್‌ಬೋರ್ಡು

ಅವ್ವನ ಧ್ವನಿಯನ್ನು ನಾನು ನಿಜಕ್ಕೂ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಂಡಿದ್ದೆನೇ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ತಡವರಿಸುತ್ತೇನೆ. ಮುದ್ರಿಸಿಕೊಂಡ ನೆನಪೇನೋ ಇದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಯಂತ್ರವನ್ನು ಮುಂದಿಟ್ಟು "ಏನಾದ್ರೂ ಮಾತಾಡವ್ವ" ಎಂದೆ. "ಪೆಟ್ಗೆ ಜೊತೆ ಏನ್ಲಾ ಮಾತಾಡದು?" ಎಂದಳು. ಇಷ್ಟೊಂದು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ವಿಶ್ವವಿದ್ಯಾನಿಲಯದಲ್ಲಿ ಅನುಮಾನಿಸುವುದನ್ನು ಕಲಿಸಿದರು, ನಿಲ್ಲಿಸುವುದನ್ನು ಕಲಿಸಲಿಲ್ಲ.

ಅವ್ವ ಹೋಗಿ ಬಹಳ ವರ್ಷವಾಯಿತು. ಅವಳ ಮುಖ ನೆನಪಾಗುತ್ತದೆ, ಮಾತೂ ನೆನಪಾಗುತ್ತದೆ, ಆದರೆ ಆ ಮಾತು ಈಗ ನನ್ನ ಧ್ವನಿಯಲ್ಲೇ ಕೇಳಿಸುತ್ತದೆ. ಲ್ಯಾಪ್‌ಟಾಪು ಎಂದೋ ಗುಜರಿಗೆ ಹೋಯಿತು. ಉಳಿದಿರುವುದು ಅದರ ಡಿಸ್ಕು ಮಾತ್ರ. ಅದಕ್ಕೆ ನಾನೇ ಹಾಕಿದ್ದ ಪಾಸ್‌ವರ್ಡಿನ ಬೀಗ ಅದೇ ಮಾದರಿಯ ಯಂತ್ರದಲ್ಲಷ್ಟೇ ತೆರೆಯುತ್ತದಂತೆ. ಇಡಿಯಾಗಿ ಕೊಳ್ಳೋಣವೆಂದರೆ ಹಳೆಯದಕ್ಕೆ ಈಗ ಪುರಾತನ ವಿಗ್ರಹದ ಬೆಲೆ. ಹಾಗಾಗಿ ಬಿಡಿಬಿಡಿಯಾಗಿ ಕೂಡಿಸತೊಡಗಿದೆ. ಪರದೆ ಮಂಡ್ಯದಲ್ಲಿ ಸಿಕ್ಕಿತು. ಕೀಬೋರ್ಡು ನಮ್ಮ ಮದ್ದೂರಿನಲ್ಲೇ, ಅರ್ಧ ಅಕ್ಷರ ಅಳಿಸಿಹೋದದ್ದು. ಗಾಲಿ, ನೊಗ, ಅಚ್ಚು ಬಿಡಿಸಿಟ್ಟರೆ ಗಾಡಿ ಎಲ್ಲಿರುತ್ತದೆ ಎಂದು ಬೌದ್ಧರು ಕೇಳುತ್ತಿದ್ದರು. ನನ್ನ ಪ್ರಶ್ನೆ ಅದಕ್ಕಿಂತ ಕಷ್ಟದ್ದು: ಎಲ್ಲ ಜೋಡಿಸಿದ ಮೇಲಾದರೂ ಅವ್ವ ಅಲ್ಲಿರುತ್ತಾಳೆಯೇ?

"ಅತ್ತೆ ಕೂಗ್ತಿದ್ದುದ್ದು ನಂಗೆ ಚೆನ್ನಾಗ್ ಗ್ಯಾಪ್ಕ ಅದೆ. ಅದುಕ್ಯಾಕೆ ಇಷ್ಟ್ ತಗಡು?" ಎಂದ ಹೆಂಡತಿ ಅಡುಗೆಮನೆಯಿಂದ ಅವ್ವನ ಹಾಗೆ ಕೂಗಿಯೇ ತೋರಿಸಿದಳು. "ಇಂಗೇ ಅಲ್ವಾ?"

ಹೌದೋ ಅಲ್ಲವೋ ಎಂದು ಹೋಲಿಸಿ ನೋಡಲು ನನ್ನಲ್ಲಿ ಅವ್ವನ ಧ್ವನಿಯೇ ಇರಲಿಲ್ಲ.

ಮದರ್‌ಬೋರ್ಡು ಮಳವಳ್ಳಿಯಲ್ಲಿತ್ತು. ಅಂಗಡಿಯವನು ಕುಲುಕಾಟಕ್ಕೆ ಒಡೆಯದಿರಲೆಂದು ಅದನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಗೋಣಿಯಲ್ಲಿ ಹೊಲಿದು, ನಮ್ಮ ಕಡೆಯ ವಾಡಿಕೆಯಂತೆ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದ. ಆ ಬಸ್ಸಿನಲ್ಲಿ ದಿನವೂ ವೀಳ್ಯದೆಲೆ ಬರುವುದು ಇದೇ ವೇಷದಲ್ಲಿ. ಮದ್ದೂರಿನಲ್ಲಿ ಇಳಿಸಿಕೊಂಡಾಗ ಗೋಣಿ ತೊಟ್ಟಿಕ್ಕುತ್ತಿತ್ತು.

"ತಗಳಿ ಸಾ, ನಿಮ್ಮೆಲೆ," ಎಂದ ಕಂಡಕ್ಟರ್. "ಬಾಡೋಯ್ತದೆ ಅಂತ ಬಾರ್ತೀನಗರದಲ್ಲಿ ಚೆನ್ನಾಗ್ ನೀರು ಚಿಮುಕ್ಸಿವ್ನಿ."

"ಎಲೆ ಅಲ್ಲ ಕಣಯ್ಯ, ಕಂಪ್ಯೂಟರ್ ಸಾಮಾನು!"

"ಬಾಳೆಪಟ್ಟೇಲಿ ಕಂಪ್ಯೂಟ್ರು ಯಾವನ್ ಸಾ ಕಟ್ತಾನೆ? ಬಿಸ್ಲಿಗಾಕಿ ಬುಡಿ, ಒಣಿಕತದೆ."

ಬಾಡಬಾರದೆಂದು ನೀರು ಹಾಕಿದ್ದ ಪುಣ್ಯಾತ್ಮ. ನಾನು ಮಾಡುತ್ತಿದ್ದುದಾದರೂ ಮತ್ತೇನು? ಬೋರ್ಡನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಒಣಗಿತು, ಬದುಕಲಿಲ್ಲ.

ಇನ್ನೊಂದನ್ನು ಹುಡುಕುವಾಗ ಅಂತರ್ಜಾಲದಲ್ಲಿ ಆ ಮಾದರಿಯ ಕೈಪಿಡಿ ಸಿಕ್ಕಿತು. ಓದಿದೆ, ನಂಬದೆ ಮತ್ತೆ ಓದಿದೆ. ಮಂಡ್ಯದ ರಿಪೇರಿಯವನನ್ನೂ ಕೇಳಿ ಖಚಿತಪಡಿಸಿಕೊಂಡೆ. ಆ ಲ್ಯಾಪ್‌ಟಾಪಿನಲ್ಲಿ ಮೈಕೂ ಇರಲಿಲ್ಲ, ಹೊರಗಿನಿಂದ ಮೈಕು ಸಿಕ್ಕಿಸುವ ಜಾಗವೂ ಇರಲಿಲ್ಲ.