ಒಲೆ ಮುಂದೆ ಕಲಿತ ಹದ

ತೊಂಬತ್ತರ ದಶಕದಲ್ಲಿ ಅರಕೆರೆ ಪಕ್ಕದ ಆಲೆಮನೆಯೊಂದರಲ್ಲಿ ನನಗೆ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ. ಬೆಲ್ಲದ ಹದ ನೋಡುತ್ತಿದ್ದವರು ಸಿದ್ದೇಗೌಡರು. ನಾನು ಕಲಿತರೆ ತಮ್ಮ ಜಾಗ ಹೋದೀತೆಂದು, ಪಾಕವನ್ನು ನೀರಿಗೆ ಬಿಟ್ಟು ಮುಟ್ಟಿ ನೋಡುವಾಗಲೆಲ್ಲ ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಕಾಣದಿದ್ದರೇನು, ಕೇಳಿಸುತ್ತಿತ್ತಲ್ಲ. ಸಳಸಳ ಕುದಿಯುವ ಪಾಕ ಲೊಟಲೊಟ ಅನ್ನತೊಡಗಿದರೆ ಹದ ಬಂತೆಂದು ಒಲೆ ಮುಂದೆ ಕೂತೇ ಕಂಡುಕೊಂಡೆ.

ಒಂದು ದಿನ ಗೌಡರು ಸಂತೆಯಿಂದ ಬರುವುದು ತಡವಾಯಿತು. ಪಾಕ ಸೀದೀತೆಂದು ಯಜಮಾನರು ಒದ್ದಾಡುತ್ತಿದ್ದಾಗ ನಾನೇ, "ಈಗ ಇಳ್ಸಿ" ಅಂದೆ. ಅಂಥ ಹೊಂಬಣ್ಣದ ಬೆಲ್ಲ ಆ ಆಲೆಮನೆ ಕಂಡಿರಲಿಲ್ಲ, ನಾನೇ ಹೇಳಿಕೊಳ್ಳಬೇಕು.

ಆಮೇಲೆ ಬಂದ ಗೌಡರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಎಂಗ್ಲಾ ಗೊತ್ತಾಯ್ತು ನಿಂಗೆ?" ಅಂದರು.

"ಕುದಿಯೋ ಸದ್ದು ಕೇಳಿ, ಗೌಡ್ರೇ."

ಅವರು ನಂಬದೆ ನನ್ನನ್ನೇ ದಿಟ್ಟಿಸಿದರು. "ಗುಟ್ಟು ಬುಟ್ಕೊಡಾಕಿಲ್ಲ ಅಲ್ವೇನ್ಲಾ? ಕಲ್ತಿದ್ನ ಇಂಗೆ ಮುಚ್ಚಿಡಬಾರ್ದು ಕಣ್ಲಾ."