ರಟ್ಟಿನ ಕೀಬೋರ್ಡು

ಮನೆಗಳಿಗೆ ಕಂಪ್ಯೂಟರು ಆಗಷ್ಟೇ ಬರುತ್ತಿದ್ದ ಕಾಲ. ಹೊಸದಾಗಿ ಮಾರುಕಟ್ಟೆಗೆ ಬಂದ ಅಗ್ಗದ ಕಂಪ್ಯೂಟರುಗಳನ್ನು ಪರೀಕ್ಷಿಸಿ ವರದಿ ಬರೆಯುವುದು ಪರದೇಶದ ಯೂನಿಯನ್‌ವಿಲ್ ಎಂಬ ಊರಿನಲ್ಲಿ ನನ್ನ ಕೆಲಸ. ಒಂದರಲ್ಲಿ ಮೆಮೊರಿ ಸಾಲದು, ಇನ್ನೊಂದರ ಕೀಬೋರ್ಡು ಬಿಗಿ. ಇದನ್ನೇ ಬರೆದು ಬರೆದು ಬೇಸತ್ತು ಮಾಲ್ಟನ್ ಊರಿನ ನಮ್ಮ ಮನೆಗೆ ಬಂದರೆ, ನಮ್ಮ ಜೊತೆಗಿದ್ದ ನಾದಿನಿ ಕಾಯುತ್ತಿದ್ದಳು. ಮನೆಗೊಂದು ಕಂಪ್ಯೂಟರು ಕೊಂಡು ಟೈಪಿಂಗ್ ಕಲಿತು, ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸ ಬಿಟ್ಟು ಆಫೀಸು ಸೇರಬೇಕೆಂಬುದು ಅವಳ ಆಸೆ.

“ಯಾವ್ದು ತಗೊಳ್ಳೋಣ, ಭಾವ?”

“ತಾಳಮ್ಮ, ಮುಂದಿನ ತಿಂಗಳು ಇನ್ನೂ ಒಳ್ಳೇದು ಬರುತ್ತೆ.”

“ಹೆಣ್ಣು ನೋಡೋಕೆ ಹೋದೋರ ಥರ ಉಪ್ಪಿಟ್ಟು ತಿಂದು ಎದ್ದು ಬರ್ತೀರಲ್ಲ!”

ಆರು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಬೇಸ್‌ಮೆಂಟಿಗೆ ಇಳಿದರೆ, ಅವಳು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದುಕೊಂಡು ಬೆರಳಾಡಿಸುತ್ತಿದ್ದಳು.

ಮರುದಿನವೇ, ನಾನೇ ಬೇಡವೆಂದು ಬರೆದಿದ್ದ ಒಂದನ್ನು ಹೊತ್ತು ತಂದೆ.

“ಕೀಬೋರ್ಡು ಸ್ವಲ್ಪ ಬಿಗಿ ಕಣಮ್ಮ.”

“ಇರ್ಲಿ ಬಿಡಿ ಭಾವ, ರಟ್ಟಿಗಿಂತ ವಾಸಿ.”